ಜೂನಿನಲ್ಲಿ ಟೊಮೆಟೊ ಬೇಡ

ಹಾಸನದಲ್ಲಿ ಮನೆಮಟ್ಟಿಗೆ ತರಕಾರಿ ಬೆಳೆಯಲು ಹೊರಟವರು ಯಾರಾದರೂ ಕೇಳಿದರೆ, ಗೊಬ್ಬರ, ಕುಂಡ, ಬೀಜ ಯಾವುದರ ಸುದ್ದಿಗೂ ಹೋಗದೆ ನಾನು ಮೊದಲು ಹೇಳುವುದು ಇಷ್ಟು: ಜೂನಿನಲ್ಲಿ ಟೊಮೆಟೊ ಸಸಿ ನೆಡಬೇಡಿ. ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರು ಕೇಳಲು ಬಂದದ್ದು ಹೇಗೆ ಬೆಳೆಯುವುದು ಅಂತ. ಮಣ್ಣಿಗೆ ಏನು ಬೆರೆಸಬೇಕು, ದಿನಕ್ಕೆ ಎಷ್ಟು ಚೊಂಬು ನೀರು, ಹುಳ ಬಿದ್ದರೆ ಏನು ಹೊಡೆಯಬೇಕು. ಅದನ್ನೆಲ್ಲ ಯೂಟ್ಯೂಬಿನಲ್ಲಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಚೆನ್ನಾಗಿಯೂ ಹೇಳುತ್ತಾರೆ. ಆದರೆ ಅವರು ನಿಂತಿರುವುದು ಬೆಂಗಳೂರಿನ ಯಾವುದೋ ತಾರಸಿಯ ಮೇಲೆ, ಇಲ್ಲವೇ ಕೇರಳದ ಯಾವುದೋ ಅಂಗಳದಲ್ಲಿ. ಅಲ್ಲಿಯ ಜೂನ್ ಬೇರೆ, ನಮ್ಮ ಜೂನ್ ಬೇರೆ. ಹೊಸಬರಿಗೆ ‘ಹೇಗೆ’ ಎಂಬುದು ಬೇಗ ಕೈಹತ್ತುತ್ತದೆ. ‘ಯಾವಾಗ’ ಎಂಬುದಕ್ಕೆ ಇದೇ ಊರಿನಲ್ಲಿ ಒಂದೆರಡು ವರ್ಷ ಕಳೆಯಬೇಕಾಗುತ್ತದೆ.

ನಮ್ಮ ಬೀದಿಯಲ್ಲಿ ಇದು ಪ್ರತಿವರ್ಷ ನಡೆಯುವ ಕತೆ. ಮೇ ತಿಂಗಳಲ್ಲಿ ನಾಲ್ಕು ಹದವಾದ ಮಳೆ ಬಿದ್ದ ಕೂಡಲೇ ಯಾರಿಗಾದರೂ ಕೈತೋಟದ ಹುಮ್ಮಸ್ಸು ಬರುತ್ತದೆ. ನರ್ಸರಿಯಿಂದ ಟೊಮೆಟೊ ಸಸಿ ತರುತ್ತಾರೆ, ಕೋಲು ಕಟ್ಟುತ್ತಾರೆ, ಗಿಡ ಸೊಂಟದೆತ್ತರ ಬರುತ್ತದೆ. ಜುಲೈನಲ್ಲಿ ಮೋಡ ಮುಚ್ಚಿಕೊಂಡು ದಿನವಿಡೀ ಸೋನೆ ಹಿಡಿಯುತ್ತದೆ. ಎಲೆಯ ಅಂಚಿನಲ್ಲಿ ನೀರು ಕುಡಿದ ಕಪ್ಪು ಮಚ್ಚೆ ಕಾಣಿಸಿಕೊಳ್ಳುತ್ತದೆ. ಬೆಳಗ್ಗೆ ಎಲೆ ಮಗುಚಿ ನೋಡಿದರೆ ಮಚ್ಚೆಯ ಸುತ್ತ ಬಿಳಿ ಬೂಷ್ಟು. ವಾರ ಕಳೆಯುವುದರೊಳಗೆ ಗಿಡಕ್ಕೆ ಗಿಡವೇ ಕುದಿನೀರು ಎರಚಿದ ಹಾಗೆ ಬೆಂದು ಜೋತುಬೀಳುತ್ತದೆ. ಮನೆಯವರು ನೀರು ಹೆಚ್ಚಾಯಿತೋ, ಗೊಬ್ಬರ ಸಾಲದಾಯಿತೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಆ ರೋಗಕ್ಕೆ ಹಾಸನದ ಸುತ್ತಿನ ರೈತರಿಗೆಲ್ಲ ಗೊತ್ತಿರುವ ಹೆಸರಿದೆ: ಅಂಗಮಾರಿ. ನಮ್ಮ ಜಿಲ್ಲೆ ಆಲೂಗಡ್ಡೆಯ ಸೀಮೆ. ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಲಾರಿಗಟ್ಟಲೆ ಇಲ್ಲಿಯ ಎಪಿಎಂಸಿಗೆ ಬಂದಿಳಿಯುವುದು ಮೇ ತಿಂಗಳ ಹೊತ್ತಿಗೆ. ಉತ್ತರ ಭಾರತದಲ್ಲಿ ಆಲೂಗಡ್ಡೆ ಚಳಿಗಾಲದ ಬೆಳೆ, ನಮ್ಮಲ್ಲಿ ಮಳೆಗಾಲದ್ದು. ಮುಂಗಾರಿನ ಮೋಡ, ಒಣಗಲು ಬಿಡುವೇ ಸಿಗದ ಎಲೆ, 15ರಿಂದ 20 ಡಿಗ್ರಿಯ ತಂಪು, ಅಂಗಮಾರಿಗೆ ಬೇಕಾದದ್ದು ಇದಿಷ್ಟೇ. ಫೈಟಾಪ್ತೊರಾ ಇನ್‌ಫೆಸ್ಟನ್ಸ್ ಎಂಬ ಇದೇ ಜೀವಿ 1845ರಲ್ಲಿ ಐರ್ಲೆಂಡಿಗೆ ಕಾಲಿಟ್ಟು ಆಲೂಗಡ್ಡೆಯನ್ನೇ ನಂಬಿದ್ದ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿತು. ಟೊಮೆಟೊ ಆಲೂಗಡ್ಡೆಯ ಖಾಸಾ ದಾಯಾದಿ. ಒಂದಕ್ಕೆ ಬಂದ ಅಂಗಮಾರಿ ಇನ್ನೊಂದನ್ನೂ ಬಿಡುವುದಿಲ್ಲ, ಅದರ ಕಣಗಳು ಗಾಳಿಯಲ್ಲೇ ಹಾರಿಬರುತ್ತವೆ. ಊರ ಸುತ್ತ ಆಲೂಗಡ್ಡೆ ಹೊಲ, ನಡುವೆ ನಮ್ಮ ಕುಂಡದ ನಾಲ್ಕು ಟೊಮೆಟೊ ಗಿಡ. ಈಚಿನ ವರ್ಷಗಳಲ್ಲಿ ಇದೇ ರೋಗಕ್ಕೆ ಬೇಸತ್ತು ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದ್ದಾರೆ. ಅವರಿಗೇ ಸಾಕಾದದ್ದು ನಮಗೆಲ್ಲಿ ಸಾಗೀತು?

ಹಠ ಹಿಡಿದವರಿಗೆ ಬೋರ್ಡೋ ದ್ರಾವಣ ಇದೆ. ಅಡಿಕೆ, ಕಾಫಿ ಬೆಳೆಯುವ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಅದು ಮನೆಮಾತು. ಒಂದು ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 10 ಗ್ರಾಂ ಸುಣ್ಣ. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು. ಹೊಳಪಿರುವ ಕಬ್ಬಿಣದ ಚಾಕು ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆದರೆ ಇದು ರೋಗ ಬರದಂತೆ ತಡೆಯುವ ಮದ್ದು, ಬಂದ ಮೇಲೆ ಹೊಡೆದು ಉಪಯೋಗವಿಲ್ಲ. ಮಳೆ ತೊಳೆದುಕೊಂಡು ಹೋದರೆ ಮತ್ತೆ ಹೊಡೆಯಬೇಕು. ನಾಲ್ಕು ಗಿಡಕ್ಕೆ ಇಷ್ಟು ರಾಮಾಯಣ ಯಾಕೆ ಎಂಬುದು ನನ್ನ ಮಾತು. ಅದೇ ಸಸಿಯನ್ನು ಹಾಸನಾಂಬೆಯ ಬಾಗಿಲು ತೆಗೆಯುವ ಹೊತ್ತಿಗೆ ನೆಟ್ಟರೆ ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಎಳೆಯದಾಗಿರುತ್ತದೆ, ಸಂಕ್ರಾಂತಿ ದಾಟುವಷ್ಟರಲ್ಲಿ ಹಣ್ಣು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಕಳೆದು ಮುಚ್ಚುತ್ತಾರೆ. ಜಿಲ್ಲೆಗೆ ಜಿಲ್ಲೆಯೇ ದರ್ಶನದ ಸಾಲಿನಲ್ಲಿ ನಿಂತಿರುವಾಗ ನಮ್ಮ ಮನೆಯಲ್ಲಿ ಸಸಿ ನೆಡಲು ಮಣ್ಣು ಸಿದ್ಧವಾಗುತ್ತದೆ.

‘ನಮ್ಮ ಜೂನ್’ ಎಂದೆನಲ್ಲ, ಅದರಲ್ಲೂ ಒಂದೇ ಜೂನ್ ಇಲ್ಲ. ಹಾಸನದಿಂದ ಸಕಲೇಶಪುರಕ್ಕೆ 40 ಕಿಲೋಮೀಟರು. ಇಲ್ಲಿ ಕೊಡೆ ಹಿಡಿದು ಗಿಡಕ್ಕೆ ಪಾತಿ ಮಾಡಬಹುದಾದ ದಿನ ಅಲ್ಲಿ ಮನೆಯಿಂದ ಹೊರಗೆ ಕಾಲಿಡಲಾಗುವುದಿಲ್ಲ. ಇನ್ನೊಂದು ದಿಕ್ಕಿಗೆ ಅರಸೀಕೆರೆಯತ್ತ ಹೋದರೆ ಆಕಾಶ ನೋಡುತ್ತ ಕೂತವರು ಸಿಗುತ್ತಾರೆ. ಒಂದೇ ಜಿಲ್ಲೆಯೊಳಗೆ ಮಲೆನಾಡು, ಅರೆಮಲೆನಾಡು, ಮೈದಾನ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ, ನನ್ನ ಗೆಳತಿಯ ಮನೆಯಲ್ಲಿ, ಮೇ ತಿಂಗಳ ಮಳೆಗೇ ಮಣ್ಣು ಗುಡ್ಡೆ ಮಾಡಿ ಹೀರೆ, ಬೆಂಡೆ ಬೀಜ ಊರಿಬಿಡುತ್ತಾರೆ. ಜಡಿಮಳೆ ಹಿಡಿಯುವಷ್ಟರಲ್ಲಿ ಬಳ್ಳಿ ಬೇರು ಬಿಟ್ಟು ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಸಸಿ ಕೊಚ್ಚಿಹೋಗುತ್ತದೆ. ಅವಳು ಕೊಟ್ಟ ಸೀಮೆಬದನೆ ನಮ್ಮಲ್ಲಿ ಬದುಕಿದೆ, ಆದರೆ ಅವರ ಮನೆಯಲ್ಲಿ ಚಪ್ಪರ ಮುರಿಯುವಷ್ಟು ಬಿಡುವ ಬಳ್ಳಿ ಇಲ್ಲಿ ಮಾರ್ಚ್ ಬಂತೆಂದರೆ ಮುಖ ಬಾಡಿಸಿಕೊಂಡು ನಿಲ್ಲುತ್ತದೆ. ಸೀಮೆಬದನೆಗೆ ಬೀಜ ಬೇರೆ ತೆಗೆಯುವ ಕೆಲಸವಿಲ್ಲ. ಬಲಿತ ಇಡೀ ಕಾಯನ್ನೇ ಓರೆಯಾಗಿ ಅರ್ಧ ಹೂಳಬೇಕು, ಕಾಯೊಳಗೇ ಮೊಳಕೆ ಹೊರಡುತ್ತದೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಅತ್ತೆ ಎಂದರೆ ಪೂರ್ತಿ ನಿಜವಲ್ಲ, ಅವರು ಹೇಳಿಕೊಡುವವರಲ್ಲ. ಬೇಡ ಅನ್ನುವವರು. ಅರಕಲಗೂಡು ಕಡೆಯ ರಾಗಿ, ಆಲೂಗಡ್ಡೆ ಬೆಳೆಯುವ ಮನೆಯಿಂದ ಬಂದವರು. ನಾನು ಬೀಜದ ಪೊಟ್ಟಣ ಹಿಡಿದು ಹಿತ್ತಲಿಗೆ ಹೊರಟರೆ ಅಡುಗೆಮನೆ ಕಿಟಕಿಯಿಂದಲೇ ತಡೆಯುತ್ತಾರೆ.

“ಈಗ ಬ್ಯಾಡ ಕಣವ್ವ.”

“ಯಾಕತ್ತೆ? ಪ್ಯಾಕೆಟ್ ಮೇಲೆ ವರ್ಷಪೂರ್ತಿ ಹಾಕಬಹುದು ಅಂತ ಇದೆ.”

“ಹಾಕ್ಬೌದು. ಬೆಳೀತದೆ ಅಂತ ಬರ್ದವ್ರಾ?”

ಅತ್ತೆಯ ಲೆಕ್ಕವೆಲ್ಲ ಮಳೆ ನಕ್ಷತ್ರದ್ದು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ. ಮೊದಮೊದಲು ನನಗೆ ಅದು ಪಂಚಾಂಗದ ಗೋಜಲು ಅನಿಸುತ್ತಿತ್ತು. ಕೂತು ನೋಡಿದರೆ ಬಹಳ ಸರಳ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, 27 ನಕ್ಷತ್ರ ಮುಗಿದರೆ ವರ್ಷ. ಹಬ್ಬಗಳ ಹಾಗೆ ಚಂದ್ರನ ಹಿಂದೆ ಹೋಗದ್ದರಿಂದ ತಾರೀಕು ಕದಲುವುದಿಲ್ಲ. ಭರಣಿ ಎಂದರೆ ಏಪ್ರಿಲ್ ಕೊನೆ, ಕೃತ್ತಿಕೆ ಮೇ 11ರ ಆಸುಪಾಸು, ರೋಹಿಣಿ ಮೇ ಕೊನೆಯ ವಾರ. “ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ” ಎನ್ನುವಾಗ ಅವರು ಗಾದೆ ಒಪ್ಪಿಸುತ್ತಿಲ್ಲ, ಉಳುಮೆಗೆ ಭೂಮಿ ಯಾವಾಗ ಸಡಿಲವಾಗುತ್ತದೆ ಎಂಬುದನ್ನು ಹೇಳುತ್ತಿದ್ದಾರೆ. ಕೃತ್ತಿಕೆ, ರೋಹಿಣಿಗೆ ಆಲೂಗಡ್ಡೆ. ಪುನರ್ವಸು, ಪುಷ್ಯಕ್ಕೆ, ಅಂದರೆ ಜುಲೈಗೆ, ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಅವರೆ. ಚಿತ್ತೆ, ಸ್ವಾತಿಗೆ ಚಳಿಗಾಲದ ತರಕಾರಿ. ಹೊಲದ ಈ ಲೆಕ್ಕವನ್ನು ಮನೆ ಹಿಂದಿನ ಐದಡಿ ಅಗಲದ ಮಣ್ಣಿಗೆ ಇಳಿಸುವುದಷ್ಟೇ ನನ್ನ ಪಾಲಿಗೆ ಉಳಿದದ್ದು. ಈಗೀಗ ಮಳೆಗಳು ಪಂಚಾಂಗದ ಮಾತು ಮೊದಲಿನಷ್ಟು ಕೇಳುವುದಿಲ್ಲ ಎಂದು ಅತ್ತೆಯೇ ಗೊಣಗುತ್ತಾರೆ, ಆದರೂ ಕ್ಯಾಲೆಂಡರು ನೋಡುವುದು ಬಿಟ್ಟಿಲ್ಲ.

ಮಣ್ಣಿನ ವಿಷಯ ಹೆಚ್ಚು ಹೇಳುವುದಿಲ್ಲ. ಬಡಾವಣೆಯ ಮನೆಗಳ ಹಿತ್ತಲು ಎಂದರೆ ಮನೆ ಕಟ್ಟಿ ಮಿಕ್ಕ ಜಲ್ಲಿ, ಗಾರೆ, ಇಟ್ಟಿಗೆ ಚೂರುಗಳ ಗೋದಾಮು. ಒಂದಡಿ ಅಗೆದು ಅದನ್ನು ಆಯ್ದು ತೆಗೆಯದೆ ಬೇರೆ ದಾರಿಯಿಲ್ಲ. ಆಮೇಲೆ ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ. ಗೊಬ್ಬರ ಪುಡಿಯಾಗಿರಬೇಕು, ವಾಸನೆ ಹೋಗಿರಬೇಕು. ಹಸಿ ತಿಪ್ಪೆ ತಂದು ಸುರಿದರೆ ಅದರ ಕಾವಿಗೆ ಬೇರು ಬೇಯುತ್ತದೆ, ಜೊತೆಗೆ ಗೊಣ್ಣೆಹುಳು ಉಚಿತ. ತೆಂಗಿನ ನಾರಿನ ಪುಡಿ ಚನ್ನರಾಯಪಟ್ಟಣ, ಅರಸೀಕೆರೆ ಕಡೆಯಿಂದ ಅಗ್ಗಕ್ಕೆ ಸಿಗುತ್ತದೆ, ಆದರೆ ಒಂದೆರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ಉಪ್ಪಿನಂಶ ತೆಗೆದೇ ಬಳಸಬೇಕು.

ಮೊದಲು ಏನು ಹಾಕಬೇಕು ಎಂದರೆ ಸೊಪ್ಪು. ಮೆಂತ್ಯ ಮೂರು ನಾಲ್ಕು ವಾರಕ್ಕೆ ಕೈಗೆ ಬರುತ್ತದೆ, ಹೊಸಬರ ತಾಳ್ಮೆ ಅಷ್ಟರವರೆಗೆ ಹೇಗೋ ಉಳಿದಿರುತ್ತದೆ. ಇಲ್ಲಿಯೂ ಕಾಲ ಬಿಡುವುದಿಲ್ಲ. ಕೊತ್ತಂಬರಿಗೆ ತಂಪು ಬೇಕು. ಮಾರ್ಚ್, ಏಪ್ರಿಲ್ ಬಿಸಿಲಿಗೆ ಹಾಕಿದರೆ ನಾಲ್ಕೆಲೆ ಬಿಟ್ಟು ನೇರ ಹೂವಿಗೆ ಹೋಗುತ್ತದೆ. ಮಂಗಳವಾರದ ಸಂತೆಯಲ್ಲಿ ಸೊಪ್ಪು ಮಾರುವ ಅಮ್ಮನ ಹತ್ತಿರ ಬೇಸಿಗೆಯಲ್ಲಿ ಕೊತ್ತಂಬರಿ ಬೀಜ ಕೇಳಿದ್ದಕ್ಕೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ದಂಟಿನ ಬೀಜ ಚೆಲ್ಲೋಗವ್ವ, ಬಿಸ್ಲಿಗೆ ಅದೇ ಸೈ” ಎಂದರು. ಅವರು ಹೇಳಿದ್ದು ಸಸ್ಯಶಾಸ್ತ್ರವೂ ಒಪ್ಪುವ ಮಾತು. ದಂಟು, ಹರಿವೆ, ಕೀರೆಯ ಕುಲ ಜೋಳದ ಹಾಗೆಯೇ ಸುಡುಬಿಸಿಲನ್ನು ಬಳಸಿಕೊಳ್ಳುವ ಜಾತಿ, ಬೇರೆ ಸೊಪ್ಪು ಸೋಲುವ ತಿಂಗಳಲ್ಲಿ ಅದು ಏರುತ್ತದೆ. ಬೀಜ ರವೆಗಿಂತ ಸಣ್ಣದು, ಮರಳಿನ ಜೊತೆ ಕಲೆಸಿ ಚೆಲ್ಲಿದರೆ ಒಂದೇ ಕಡೆ ಗುಂಪು ಬೀಳುವುದಿಲ್ಲ. ಮಳೆಗಾಲಕ್ಕೆ ಬಸಳೆ. ಪೇಟೆಯಿಂದ ತಂದ ಕಂತೆಯ ದಪ್ಪ ಕಡ್ಡಿ ಊರಿದರೂ ಚಿಗುರುತ್ತದೆ. ಕೊತ್ತಂಬರಿಗೆ ಸೆಪ್ಟೆಂಬರ್ ಕಳೆಯಲಿ. ಅಡುಗೆಮನೆ ಡಬ್ಬಿಯ ಧನಿಯವೇ ಸಾಕು. ಒಂದೊಂದು ಗುಂಡಿನಲ್ಲಿ ಎರಡೆರಡು ಬೀಜ ಇರುತ್ತವೆ, ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಬಿಡಿಸಿ ಹಾಕಬೇಕು. ಮೊಳಕೆಗೆ ವಾರ ಹತ್ತು ದಿನ ಹಿಡಿಯುತ್ತದೆ. ಐದನೇ ದಿನ ಮಣ್ಣು ಕೆದಕಿ ನೋಡುವವರ ಮನೆಯಲ್ಲಿ ಅದು ಹುಟ್ಟುವುದಿಲ್ಲ.

ಯಾರೂ ಮೊದಲೇ ಹೇಳದ ಸಂಗತಿ ಬಿಸಿಲಿನದು. ನಮ್ಮದು ದಕ್ಷಿಣ ಬಾಗಿಲಿನ ಮನೆ. ವಾಸ್ತು ನೋಡುವವರು ಮುಟ್ಟುವುದಿಲ್ಲವೆಂದು ಸೈಟು ಸ್ವಲ್ಪ ಅಗ್ಗಕ್ಕೆ ಸಿಕ್ಕಿತ್ತು. ಹಾಗಾಗಿ ಹಿತ್ತಲು ಉತ್ತರಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಒಳ್ಳೆ ಬಿಸಿಲು. ಚಳಿಗಾಲ ಬಂದರೆ ಅದೇ ಜಾಗದಲ್ಲಿ ದಿನವಿಡೀ ನೆರಳು. ಹಾಸನ ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ಸೂರ್ಯ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಎರಡು ದಿನಗಳ ನಡುವೆ ಅವನು ಇರುವುದು ನೆತ್ತಿಗಿಂತ ಉತ್ತರಕ್ಕೆ, ಹಾಗಾಗಿ ಉತ್ತರದ ಹಿತ್ತಲಿಗೆ ಬಿಸಿಲು. ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ಡಿಸೆಂಬರ್ ಮೂರನೇ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. 22 ಅಡಿ ಎತ್ತರದ ಮನೆಯ ನೆರಳು ಆಗ ಉತ್ತರಕ್ಕೆ 16 ಅಡಿ ಚಾಚುತ್ತದೆ. ನಮ್ಮ ಐದಡಿ ಹಿತ್ತಲಿನ ಗತಿ ಹೇಳಬೇಕಾಗಿಲ್ಲ.

ತಮಾಷೆಯೆಂದರೆ, ತರಕಾರಿಗೆ ಹಾಸನದ ಅತ್ಯುತ್ತಮ ಕಾಲ ಅಕ್ಟೋಬರಿನಿಂದ ಫೆಬ್ರವರಿ. ಆಗಲೇ ನಮ್ಮ ಮಣ್ಣಿನ ನೆಲಕ್ಕೆ ಬಿಸಿಲಿಲ್ಲ. ನೆಲಕ್ಕೆ ಬಿಸಿಲು ಬರುವ ಜೂನ್, ಜುಲೈನಲ್ಲಿ ಆಕಾಶಕ್ಕೆ ಮೋಡ. ಟೊಮೆಟೊ, ಮೆಣಸಿನಕಾಯಿ, ಬದನೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅದಕ್ಕೇ ಚಳಿಗಾಲದ ಫಸಲೆಲ್ಲ ತಾರಸಿಯ ಮೇಲಿನ ಚೀಲಗಳಿಗೆ ಹೋಯಿತು. ಹಿತ್ತಲಿಗೆ ಬೇಸಿಗೆಯ ದಂಟು, ಮಳೆಗಾಲದ ಬಸಳೆ, ಹೀರೆ. ಮುಂದಿನ ಗೇಟಿನ ಪಕ್ಕ ಎರಡು ಮೊಳ ಮಣ್ಣಿದೆ, ಚಳಿಗಾಲ ಪೂರ್ತಿ ಬಿಸಿಲು ಬೀಳುವ ಒಂದೇ ನೆಲ, ಅದು ಅವರೆಗೆ. ಮನೆ ಕಟ್ಟಿಸುವವರು ಪೂಜಾಗೃಹದ ದಿಕ್ಕಿನ ಬಗ್ಗೆ ಮಾಡುವ ಯೋಚನೆಯ ಕಾಲುಭಾಗವನ್ನು ಹಿತ್ತಲಿನ ದಿಕ್ಕಿನ ಬಗ್ಗೆ ಮಾಡಿದರೆ ಎಷ್ಟೋ ಒಳ್ಳೆಯದು.

ಅವರೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಕಾಲದ ವಿಷಯದಲ್ಲಿ ಅದರಷ್ಟು ಹಟಮಾರಿ ಗಿಡ ಇನ್ನೊಂದಿಲ್ಲ. ನಾಟಿ ಅವರೆಯನ್ನು ಜೂನಿನಲ್ಲಿ ಊರಿ, ಆಗಸ್ಟಿನಲ್ಲಿ ಊರಿ, ಎರಡೂ ಹೂ ಬಿಡುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಜೂನಿನದು ನಡುವಿನ ತಿಂಗಳುಗಳಲ್ಲಿ ಬರೀ ಎಲೆ, ಬಳ್ಳಿ ಬೆಳೆಸಿಕೊಂಡು ಕಾಂಪೌಂಡು ತುಂಬುತ್ತದೆ. ನೀರು ಹಾಕಿ, ಗೊಬ್ಬರ ಹಾಕಿ, ಬೈಯಿರಿ, ಹೂವಿಲ್ಲ. ಅದು ಕಾಯುತ್ತಿರುವುದು ರಾತ್ರಿ ಉದ್ದವಾಗುವುದನ್ನು. ನಮ್ಮ ಅಕ್ಷಾಂಶದಲ್ಲಿ ಜೂನಿನ ದೊಡ್ಡ ಹಗಲಿಗೂ ಡಿಸೆಂಬರಿನ ಚಿಕ್ಕ ಹಗಲಿಗೂ ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಗಂಟೆ. ನಮಗೆ ಅದು ಗಮನಕ್ಕೇ ಬರುವುದಿಲ್ಲ, ಅವರೆ ಬಳ್ಳಿ ಅಳೆಯುತ್ತದೆ. ಗಿಡಗಳಿಗೆ ಈ ಅಳತೆ ಗೊತ್ತು ಎಂಬುದನ್ನು 1920ರಲ್ಲಿ ಗಾರ್ನರ್, ಅಲ್ಲಾರ್ಡ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಹೊಗೆಸೊಪ್ಪು, ಸೋಯಾ ಅವರೆಗಳ ಮೇಲೆ ಪ್ರಯೋಗ ಮಾಡಿ ಬರೆದರು. ಗಿಡ ಅಳೆಯುವುದು ಹಗಲನ್ನಲ್ಲ, ಕತ್ತಲನ್ನು ಎಂಬುದು ಆಮೇಲೆ ತಿಳಿಯಿತು. ಉದ್ದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಹಾಕಿದರೂ ಇಂಥ ಗಿಡಗಳ ಲೆಕ್ಕ ತಪ್ಪುತ್ತದೆ.

ಇದನ್ನು ಓದಿಕೊಂಡ ಮೇಲೆ ನಮ್ಮ ಗೇಟಿನ ಬಳ್ಳಿಯ ಒಂದು ವರ್ತನೆ ಅರ್ಥವಾದ ಹಾಗಾಯಿತು. ಗೇಟಿನ ಎದುರಿಗೆ ಬೀದಿದೀಪದ ಕಂಬವಿದೆ. ಹಳೆಯ ಮಂಕು ದೀಪ ತೆಗೆದು ಬೆಳ್ಳನೆಯ ಎಲ್ಇಡಿ ಹಾಕಿದ್ದಾರೆ. ಬಳ್ಳಿಯ ಮರೆಯಲ್ಲಿದ್ದ ಭಾಗ ದೀಪಾವಳಿ ಕಳೆಯುವಷ್ಟರಲ್ಲಿ ಹೂ ತುಂಬಿಕೊಂಡಿತು, ದೀಪದ ಕಡೆಗೆ ಚಾಚಿದ್ದ ಕೊಂಬೆಗಳು ಬಹಳ ದಿನ ಎಲೆಯಾಗಿಯೇ ಉಳಿದವು. ಒಂದು ಬಳ್ಳಿ ನೋಡಿ ಸಿದ್ಧಾಂತ ಕಟ್ಟಬಾರದು, ಸರಿ. ಅತ್ತೆ ಮಾತ್ರ ಅನುಮಾನವೇ ಇಲ್ಲದೆ, “ನಿದ್ದೆ ಕೆಟ್ರೆ ಯಾರು ಹೆತ್ತಾರು?” ಎಂದು ತೀರ್ಪು ಕೊಟ್ಟರು. ಆ ದೀಪಕ್ಕೆ ಒಂದು ಮುಚ್ಚಳ ಹಾಕಿಸಿಕೊಡಿ ಎಂದು ನಗರಸಭೆಗೆ ಅರ್ಜಿ ಬರೆಯುವ ಯೋಚನೆ ಬಂದು, ಕಾರಣ ಏನೆಂದು ಬರೆಯುವುದು ಎಂದು ಕೈಬಿಟ್ಟೆ.

ಕಾಯಲು ಇಷ್ಟವಿಲ್ಲದವರಿಗೆ ತಳಿಗಳಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಇವೆಲ್ಲ ಹಗಲು ರಾತ್ರಿಯ ಗೊಡವೆಯಿಲ್ಲದ ಕುಳ್ಳ ಗಿಡಗಳು, ಬಿತ್ತಿದಾಗ ಕಾಯಿ ಕೊಡುತ್ತವೆ. ಕುಂಡದಲ್ಲಿ ಬೆಳೆಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಜನವರಿಯ ಮಂಜಿನಲ್ಲಿ ಬಿಡಿಸಿದ ನಾಟಿ ಅವರೆಯ ಸಿಪ್ಪೆಯ ಅಂಟು, ಕೈಗೆ ಹತ್ತಿದರೆ ಸೋಪಿಗೂ ಹೋಗದ ಸೊಗಡು, ಮೇ ತಿಂಗಳ ಅವರೆಗೆ ಬರುವುದಿಲ್ಲ ಎನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ. ಹಿತಕಿದ ಬೇಳೆ ಸಾರಿಗೆ ವರ್ಷವಿಡೀ ಅವರೆಕಾಯಿ ಸಿಕ್ಕರೆ ಅದರ ಮರ್ಯಾದೆ ಏನಾದೀತು?

ಋತುವಿನ ಮಾತಾಯಿತು, ಗಿಡಗಳು ಗಳಿಗೆಯನ್ನೂ ನೋಡುತ್ತವೆ ಎಂಬುದನ್ನು ತೋರಿಸಿಕೊಟ್ಟದ್ದು ಹೀರೆ ಬಳ್ಳಿ. ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಇದು ಹೊಸಬರೆಲ್ಲರ ದೂರು. ಮೊದಲನೆಯದಾಗಿ, ಮೊದಲ ಕೆಲವು ವಾರ ಬರುವುದೆಲ್ಲ ಗಂಡು ಹೂ. ಒಂದೇ ಕಡ್ಡಿಯಲ್ಲಿ ಗೊಂಚಲಾಗಿ ಬರುವುದು ಗಂಡು, ಒಂಟಿಯಾಗಿ ಬಂದು ಬುಡದಲ್ಲಿ ಎಳೆ ಹೀರೆಕಾಯಿಯನ್ನೇ ಹೊತ್ತುಕೊಂಡಿರುವುದು ಹೆಣ್ಣು. ಸೆಕೆ, ಉದ್ದ ಹಗಲು ಇರುವಾಗ ಗಂಡು ಹೂ ಹೆಚ್ಚು. ತಂಪು ಬಂದು ಹಗಲು ಕುಗ್ಗಿದರೆ ಹೆಣ್ಣು ಹೆಚ್ಚುತ್ತದೆ. ಎರಡನೆಯದಾಗಿ, ಹೀರೆ ಹೂ ಅರಳುವುದೇ ಸಂಜೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದು, ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರುವವರು ರಾತ್ರಿಯೆಲ್ಲ ಅರಳಿ ಸುಸ್ತಾದ ಹೂವಿಗೆ ಸವರುತ್ತಿರುತ್ತಾರೆ. ಸೋರೆ, ಪಡವಲವೂ ಸಂಜೆಯವೇ. ಕುಂಬಳ, ಹಾಗಲ ನಸುಕಿನವು, ಕುಂಬಳದ ಹೂ ಬಿಸಿಲೇರುವಷ್ಟರಲ್ಲಿ ಮುಚ್ಚಿಯೂಬಿಡುತ್ತದೆ. ಕೆಲಸಕ್ಕೆ ಹೋಗಿಬರುವ ನನ್ನಂಥವರಿಗೆ ಹೀರೆಯಷ್ಟು ಅನುಕೂಲದ ಬಳ್ಳಿ ಇಲ್ಲ. ಮನೆಗೆ ಬಂದು ಕಾಲು ತೊಳೆದು ಹಿತ್ತಲಿಗೆ ಹೋಗುವ ಹೊತ್ತಿಗೆ ಹಳದಿ ಹೂಗಳು ಒಂದೊಂದಾಗಿ ಬಿಚ್ಚುತ್ತಿರುತ್ತವೆ, ಕತ್ತಲಾದರೆ ಪತಂಗಗಳು ಬರುತ್ತವೆ. ಪತಂಗ ಬಾರದ ದಿನ ಗಂಡು ಹೂವಿನ ಎಸಳು ಕಿತ್ತು ನಾನೇ ಸವರುತ್ತೇನೆ. ಅತ್ತೆಗೆ ಈ ಕೆಲಸ ನೋಡಿದರೆ ನಗು. “ಇದೊಂದು ಬಾಕಿ ಇತ್ತು ಮನುಷ್ರಿಗೆ.”

ಬಲಿತ ಮೊದಲ ಒಳ್ಳೆಯ ಕಾಯನ್ನು ಕೀಳದೆ ಬೀಜಕ್ಕೆ ಬಿಡುವುದು ಅವರ ಕಟ್ಟಪ್ಪಣೆ. ಅವರ ತವರಿನಲ್ಲಿ ಬಳ್ಳಿ ತರಕಾರಿಯ ಬೀಜವನ್ನು ಸಗಣಿಯಲ್ಲಿ ಹುದುಗಿಸಿ ಕೊಟ್ಟಿಗೆಯ ಗೋಡೆಗೆ ತಟ್ಟಿಬಿಡುತ್ತಿದ್ದರಂತೆ. ಹುಳ ಹಿಡಿಯುವುದಿಲ್ಲ, ಇಲಿ ಮುಟ್ಟುವುದಿಲ್ಲ, ಮಳೆ ಬಂದಾಗ ಬೆರಣಿ ಮುರಿದು ಹಾಗೇ ಊರಿದರೆ ಗೊಬ್ಬರವೂ ಅದರಲ್ಲೇ. ನಮ್ಮ ಮನೆಯಲ್ಲಿ ಬೀಜ ಬೂದಿಯ ಜೊತೆ ಹಾರ್ಲಿಕ್ಸ್ ಬಾಟಲಿಯಲ್ಲಿ ಇರುತ್ತದೆ. ಪೊಟ್ಟಣದ ಹೈಬ್ರಿಡ್ ಬೀಜದಿಂದ ಬಂದ ಕಾಯನ್ನು ಹೀಗೆ ಇಟ್ಟುಕೊಂಡು ಪ್ರಯೋಜನವಿಲ್ಲ, ಮುಂದಿನ ವರ್ಷ ಅದೇ ಗುಣದ ಗಿಡ ಬರುವುದಿಲ್ಲ.

ಹುಳು, ಹುಪ್ಪಟೆ, ಪ್ರಾಣಿಗಳ ಬಗ್ಗೆ ಬರೆಯಹೊರಟರೆ ಬೇರೆಯೇ ಬರಹ ಬೇಕು. ಮೂಡಿಗೆರೆಯ ಗೆಳತಿಗೆ ಮಂಗ, ನನಗೆ ಹೆಗ್ಗಣ. ಅವಳ ಮನೆಯಲ್ಲಿ ಸೂಜಿಮೆಣಸು ಬಿಟ್ಟರೆ ಮಂಗ ಮುಟ್ಟದ ಬೆಳೆ ಇಲ್ಲ. ನಮ್ಮಲ್ಲಿ ಗೆಣಸು ಹಾಕಿದರೆ ನಾವು ಎಲೆ ನೋಡುವುದು, ಹೆಗ್ಗಣ ಗೆಡ್ಡೆ ನೋಡುವುದು. ಮಳೆಗಾಲದಲ್ಲಿ ಅಂಗೈಯಗಲದ ಆಫ್ರಿಕನ್ ಬಸವನಹುಳು ರಾತ್ರಿ ಹೊರಟು ಸಸಿಗಳನ್ನು ನೆಲಸಮ ಮಾಡುತ್ತದೆ. ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ, ಎಲೆಕೋಸಿನ ಸಿಪ್ಪೆ ಹಾಕಿಟ್ಟರೆ ಬೆಳಗ್ಗೆ ಅಲ್ಲಿ ಒಟ್ಟಿಗೆ ಸಿಗುತ್ತವೆ. ಬರಿಗೈಯಲ್ಲಿ ಮಾತ್ರ ಮುಟ್ಟಬಾರದು. ಬದನೆ, ಟೊಮೆಟೊ ಗಿಡ ಹಸಿರಾಗಿದ್ದಂತೆಯೇ ಒಂದು ಮಧ್ಯಾಹ್ನ ಸೊರಗಿ ಬಿದ್ದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿ ನೋಡಿ. ಕೊಯ್ದ ಜಾಗದಿಂದ ಹಾಲಿನ ಎಳೆ ಇಳಿದರೆ ಅದು ದುಂಡಾಣು ಸೊರಗು. ಮದ್ದಿಲ್ಲ. ಆ ಗಿಡ ಬೇರುಸಹಿತ ಕಿತ್ತು ಹಾಕಿ, ಆ ಮಣ್ಣಿಗೆ ಕೆಲವು ವರ್ಷ ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಹೀಗೆ ಬದನೆ ಬಳಗದ ಯಾವುದನ್ನೂ ಹಾಕಬಾರದು. ಸೊಪ್ಪು, ಬೀನ್ಸ್ ಹಾಕಿಕೊಳ್ಳಬಹುದು.

ಈಗ ಹೊಸ ಲೆಕ್ಕವೊಂದು ಶುರುವಾಗಿದೆ. ನಮ್ಮ ಮನೆಯ ಪೂರ್ವಕ್ಕೆ ಇಷ್ಟು ವರ್ಷ ಖಾಲಿ ಇದ್ದ ಸೈಟಿನಲ್ಲಿ ಮೊನ್ನೆ ಗುದ್ದಲಿ ಪೂಜೆ ಆಯಿತು. ಸಂಕೋಚ ಬಿಟ್ಟು ಮೇಸ್ತ್ರಿಯನ್ನು ಕೇಳಿದೆ, ಎಷ್ಟು ಮಹಡಿ ಅಂತ. “ಸದ್ಯಕ್ಕೆ ಎರಡು ಅಕ್ಕ, ಮೇಲೊಂದು ಬಾಡಿಗೆಗೆ ಅಂತ ಆಮೇಲೆ ಹಾಕ್ಕೊಂಡ್ರೂ ಹಾಕ್ಕೊಂಡ್ರು” ಎಂದ. ಅಲ್ಲಿಗೆ ಹಿತ್ತಲಿನ ಬೆಳಗಿನ ಬಿಸಿಲು ಹೋಯಿತು. ಏಪ್ರಿಲ್, ಮೇನಲ್ಲೂ ಹತ್ತೂವರೆ, ಹನ್ನೊಂದರ ಮೇಲೆ ಸಿಕ್ಕಷ್ಟೇ ಲಾಭ. ಹೀರೆ ಚಪ್ಪರ ತಾರಸಿಗೆ ಏರಬೇಕು, ಅದಕ್ಕೆ ದೊಡ್ಡ ಡ್ರಮ್ಮು ಬೇಕು, ಆ ಭಾರ ತೊಲೆಯ ಮೇಲೇ ಕೂರುವ ಹಾಗೆ ನೋಡಬೇಕು. ಹಿತ್ತಲಿಗೆ ನೆರಳು ತಡೆಯುವಂಥವು: ಪುದೀನ, ಒಂದೆಲಗ, ದೊಡ್ಡಪತ್ರೆ, ಶುಂಠಿ, ಅರಿಶಿನ. ನಾನು ಇದನ್ನೆಲ್ಲ ಹಾಳೆಯ ಮೇಲೆ ಬರೆಯುತ್ತಿದ್ದರೆ ಅತ್ತೆ ಆಗಲೇ ಮೂಡಿಗೆರೆಗೆ ಫೋನು ಹಚ್ಚಿ ಕೆಸುವಿನ ಗೆಡ್ಡೆ ಹೇಳಿಯಾಗಿತ್ತು. ಕೆಸುವಿಗೆ ನೆರಳಾದರೂ ಆಗುತ್ತದೆ, ನೀರು ನಿಂತರೂ ಆಗುತ್ತದೆ. ಯಾವಾಗ ಊರುವುದು ಎಂದು ಕೇಳಿದೆ.

“ಭರಣಿ ಬರ್ಲಿ. ಅಷ್ಟ್ರೊಳ್ಗೆ ಒಳ್ಳೆ ಹುಣಸೆಹಣ್ಣು ತಂದ್ಮಡುಗು, ಇಲ್ದಿದ್ರೆ ತಿಂದೋರ ಗಂಟ್ಲೆಲ್ಲ ಕೆರೀತದೆ.”